ನಾಯಿಯ ಮೂಗಿನಲ್ಲಿ ಬೂಷ್ಟು: ನಾನು ಪತ್ತೆ ಮಾಡುವ ರೀತಿ

ಒಂದೇ ಹೊಳ್ಳೆಯಿಂದ ಸಿಂಬಳ ಸುರಿಸುವ ನಾಯಿ ಬಂದರೆ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎರಡೂ ಕಡೆ ನೀರಿನಂತೆ ಸೋರುತ್ತಿದೆ, ಜೊತೆಗೆ ಕೆಮ್ಮು ಜ್ವರ ಇದೆ ಅಂದರೆ ಅದರ ದಾರಿ ಬೇರೆ. ಒಂದೇ ಕಡೆ, ದಪ್ಪಗೆ, ವಾರಗಟ್ಟಲೆ ಬರುತ್ತಿದೆ, ನಡುನಡುವೆ ರಕ್ತದ ಎಳೆ ಕಾಣುತ್ತಿದೆ ಅಂದರೆ ಆ ಹೊಳ್ಳೆಯೊಳಗೆ ಏನೋ ಕೂತಿದೆ. ಹುಲ್ಲಿನ ತೆನೆ ಇರಬಹುದು, ಹಲ್ಲಿನ ಬೇರಿನ ಕೀವು ಇರಬಹುದು, ಗಡ್ಡೆ ಇರಬಹುದು, ಫಂಗಸ್ ಅಂದರೆ ಬೂಷ್ಟು ಇರಬಹುದು. ನಾಲ್ಕರಲ್ಲೂ ಹೊರಗೆ ಕಾಣುವ ಸಿಂಬಳ ಹೆಚ್ಚು ಕಡಿಮೆ ಒಂದೇ. ಚಿಕಿತ್ಸೆ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ.

ನಾನು ಮಲೆನಾಡಿನಲ್ಲಿ ಪಶುವೈದ್ಯ. ಇಲ್ಲಿ ಮನೆ ಅಂದರೆ ಹಿಂದೆ ಕೊಟ್ಟಿಗೆ, ಪಕ್ಕದಲ್ಲಿ ಗೊಬ್ಬರ ಗುಂಡಿ, ಹುಲ್ಲಿನ ಗೊಣಬೆ, ಅಂಗಳದಾಚೆ ಅಡಿಕೆ ಸಿಪ್ಪೆಯ ರಾಶಿ. ಮಳೆಗಾಲದಲ್ಲಿ ಇವೆಲ್ಲ ಒಳಗೊಳಗೇ ಬಿಸಿಯಾಗಿ ಬೂಷ್ಟು ಹಿಡಿಯುತ್ತವೆ. ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಫಂಗಸ್‌ಗೆ ಇಂಥ ಜಾಗ ಬಹಳ ಇಷ್ಟ. ಬೇರೆ ಬೂಷ್ಟು ಸಾಯುವಷ್ಟು ಬಿಸಿಯಲ್ಲೂ ಅದು ಬೆಳೆಯುತ್ತದೆ. ಅದರ ಬೀಜಕಣ 2ರಿಂದ 3 ಮೈಕ್ರಾನ್ ಅಷ್ಟೇ. ನಾವು ನೀವು ಎಲ್ಲರೂ ದಿನಾ ಅದನ್ನು ಉಸಿರಾಡುತ್ತಲೇ ಇರುತ್ತೇವೆ. ನಾಯಿಯಂತೂ ಮೂಗನ್ನೇ ರಾಶಿಯೊಳಗೆ ತೂರಿಸಿ ಹೆಗ್ಗಣ ಹುಡುಕುವ ಪ್ರಾಣಿ. ಆದರೂ ಸಾವಿರಾರು ನಾಯಿಗಳಿಗೆ ಏನೂ ಆಗುವುದಿಲ್ಲ, ಯಾವುದೋ ಒಂದರ ಮೂಗಿನಲ್ಲಿ ಮಾತ್ರ ಅದು ಬೇರೂರುತ್ತದೆ. ಉದ್ದ ಮೂತಿಯ ಮತ್ತು ಮಧ್ಯಮ ಮೂತಿಯ ಜಾತಿಗಳಲ್ಲಿ, ಹೆಚ್ಚಾಗಿ ಪ್ರಾಯದ ಮತ್ತು ನಡುವಯಸ್ಸಿನ ನಾಯಿಗಳಲ್ಲಿ, ಇದು ಜಾಸ್ತಿ. ಪಗ್‌ನಂಥ ಮೊಂಡು ಮೂಗಿನ ನಾಯಿಗಳಲ್ಲಿ ಅಪರೂಪ.

ನಾನು ಕೆಲಸ ಮಾಡುವ ಕ್ರಮವನ್ನು ಒಂದು ನಾಯಿಯ ಮೂಲಕ ಹೇಳುತ್ತೇನೆ. ಜರ್ಮನ್ ಶೆಫರ್ಡ್ ಬೆರಕೆ, ಹೆಸರು ರಾಜ, ವಯಸ್ಸು ನಾಲ್ಕರ ಆಸುಪಾಸು. ಸಾಗರದ ಕಡೆಯ ತೋಟದ ಮನೆಯದು. ಗೌಡ್ರು ಜೀಪಿನ ಹಿಂದೆ ಕೂರಿಸಿಕೊಂಡು ಬಂದಿದ್ದರು.

"ಎಂತ ಮಾರಾಯ್ರೆ, ಸೀನಿ ಸೀನಿ ಗೋಡೆಗೆಲ್ಲ ರಕ್ತ ಹಾರಿಸ್ತಾನೆ. ಇಂಬಳ ಹೊಕ್ಕಿರಬೇಕು ಅಂತ ಉಪ್ಪು ನೀರೂ ಬಿಟ್ಟು ನೋಡಿದೆ" ಅಂದರು.

ಇಂಬಳ ಅಂದರೆ ಜಿಗಣೆ. ಅವರ ಅನುಮಾನ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನಮ್ಮ ಕಡೆ ಹಳ್ಳದ ನೀರು ಕುಡಿಯುವ ನಾಯಿಯ ಮೂಗಿಗೆ ಜಿಗಣೆ ಸೇರುವುದು ಮಾಮೂಲು. ಆದರೆ ಜಿಗಣೆ ಹೊಕ್ಕ ಮೂಗಿನಿಂದ ತಿಳಿ ರಕ್ತ ತೊಟ್ಟಿಕ್ಕುತ್ತದೆ, ಹೀಗೆ ಹಸಿರು ಹಳದಿ ಕೀವು ಬರುವುದಿಲ್ಲ. ಬಟ್ಟಲಲ್ಲಿ ತಣ್ಣೀರು ಇಟ್ಟು ನಾಯಿಯ ಮೂತಿಯನ್ನು ಅದರ ಹತ್ತಿರ ಹಿಡಿದರೆ ಎಷ್ಟೋ ಸಲ ಜಿಗಣೆ ತಾನೇ ಹೊರಗೆ ಚಾಚುತ್ತದೆ, ಫೋರ್ಸೆಪ್ಸ್‌ನಿಂದ ಹಿಡಿದು ಎಳೆಯಬಹುದು. ರಾಜನಿಗೂ ಅದನ್ನು ಮೊದಲೇ ಮಾಡಿ ನೋಡಿದೆವು. ಏನೂ ಬರಲಿಲ್ಲ.

ಮುಂದೆ ನಾನು ಕೇಳುವ ಪ್ರಶ್ನೆಗಳು ಇವು. ಯಾವ ಹೊಳ್ಳೆಯಿಂದ ಶುರುವಾಯಿತು? ಮೊದಮೊದಲು ನೀರೋ, ಕೀವೋ? ಸೀನು ಒಮ್ಮೆಲೇ ಶುರುವಾಗಿ ಮೂಗು ಉಜ್ಜಿಕೊಂಡನಾ, ನಿಧಾನವಾಗಿ ಹೆಚ್ಚಾಯಿತಾ? ಆಂಟಿಬಯಾಟಿಕ್ ಕೊಟ್ಟಾಗ ಏನಾಯಿತು? ಕೊನೆಯ ಪ್ರಶ್ನೆಗೆ ಗೌಡ್ರು ಹೇಳಿದ್ದು ನಾನು ಇಂಥ ನಾಯಿಗಳಲ್ಲಿ ಪದೇ ಪದೇ ಕೇಳುವ ಉತ್ತರ: "ಕೊಟ್ಟಾಗ ಕಡಿಮೆ ಆಗ್ತದೆ ಡಾಕ್ಟ್ರೇ, ನಿಲ್ಲಿಸಿದ್ರೆ ಮತ್ತೆ ಅದೇ." ಬೂಷ್ಟು ಹಾಳು ಮಾಡಿದ ಜಾಗದಲ್ಲಿ ಬ್ಯಾಕ್ಟೀರಿಯಾ ಬಂದು ಕೂರುತ್ತವೆ. ಆಂಟಿಬಯಾಟಿಕ್ ಅವನ್ನು ತಗ್ಗಿಸುತ್ತದೆ, ಕೀವು ಕಡಿಮೆಯಾಗುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಕೆಳಗಿನ ಬೂಷ್ಟು ಹಾಗೇ ಇರುತ್ತದೆ. ಹೀಗೆ ಕಡಿಮೆಯಾಗಿ ಮತ್ತೆ ಬರುವುದನ್ನು ಎರಡು ಸಲ ಕಂಡಿರಿ ಅಂದರೆ ಮೂರನೇ ಆಂಟಿಬಯಾಟಿಕ್ ಬರೆಯುವ ಬದಲು ಮೂಗಿನೊಳಗೆ ನೋಡುವ ಏರ್ಪಾಡು ಮಾಡಬೇಕು. ಸ್ಟಿರಾಯ್ಡ್ ಅಂತೂ ಕಾರಣ ಗೊತ್ತಾಗುವ ಮೊದಲು ಬೇಡವೇ ಬೇಡ. ಊತ ಇಳಿದಂತೆ ಕಾಣುತ್ತದೆ, ಆದರೆ ಫಂಗಸ್ ಇದ್ದರೆ ಅದನ್ನು ತಡೆಯುವ ಶಕ್ತಿಯನ್ನೇ ಕಿತ್ತುಕೊಂಡ ಹಾಗೆ ಆಗುತ್ತದೆ.

ಮೇಜಿನ ಮೇಲೆ ನಿಲ್ಲಿಸಿ ಮೊದಲು ದೂರದಿಂದಲೇ ಮುಖ ನೋಡುತ್ತೇನೆ. ಮೂಗಿನ ಸೇತುವೆ ಎರಡೂ ಕಡೆ ಸಮವಾಗಿದೆಯಾ? ಕಣ್ಣು ಒಂದು ಮುಂದಕ್ಕೆ ಬಂದಿದೆಯಾ? ಮುಖ ಸೊಟ್ಟಗಾಗಿದ್ದರೆ, ಕಣ್ಣು ಉಬ್ಬಿದ್ದರೆ ನನ್ನ ಮನಸ್ಸು ಗಡ್ಡೆಯ ಕಡೆ ವಾಲುತ್ತದೆ. ರಾಜನ ಮುಖ ಸರಿಯಾಗಿತ್ತು. ಆದರೆ ಮೂಗಿನ ತುದಿಯ ಕಪ್ಪು ಚರ್ಮ ಎಡಹೊಳ್ಳೆಯ ಕೆಳಗೆ ಬಣ್ಣ ಕಳೆದುಕೊಂಡು ಗುಲಾಬಿಯಾಗಿತ್ತು. ಸಿಂಬಳ ಇಳಿಯುವ ದಾರಿಯಲ್ಲೇ ಸಣ್ಣ ಹುಣ್ಣಿನ ಗೀರು. ಈ ಗುರುತು ಸಿಕ್ಕರೆ ನಾನು ಆಸ್ಪರ್ಜಿಲಸ್ ಅನ್ನು ಪಟ್ಟಿಯ ಮೇಲಕ್ಕೆ ತರುತ್ತೇನೆ. ಲೂಪಸ್‌ನಂಥ ಚರ್ಮರೋಗದಲ್ಲೂ ಮೂಗು ಬಿಳಿಚುತ್ತದೆ, ಆದರೆ ಅಲ್ಲಿ ಒಂದು ಹೊಳ್ಳೆಯಿಂದ ಕೀವು ಸುರಿಯುವುದಿಲ್ಲ.

ಆಮೇಲೆ ಗಾಳಿ ಪರೀಕ್ಷೆ. ಇದಕ್ಕೆ ಯಂತ್ರ ಬೇಕಿಲ್ಲ. ಫ್ರಿಜ್‌ನಲ್ಲಿಟ್ಟ ಗಾಜಿನ ಸ್ಲೈಡ್ ಅಥವಾ ಸ್ಟೀಲ್ ಚಮಚವನ್ನು ಮೂಗಿನ ಮುಂದೆ ಹಿಡಿದರೆ ಎರಡು ಆವಿಯ ಮಚ್ಚೆ ಮೂಡಬೇಕು. ಹತ್ತಿಯ ಎಳೆ ಹಿಡಿದರೂ ಸಾಕು, ಉಸಿರಿಗೆ ಅಲುಗುತ್ತದೆ. ಗಡ್ಡೆಯಿದ್ದ ಕಡೆ ಗಾಳಿ ಕಡಿಮೆಯಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಆಸ್ಪರ್ಜಿಲಸ್ ಹೊಕ್ಕ ಮೂಗಿನಲ್ಲಿ ಸಾಮಾನ್ಯವಾಗಿ ಗಾಳಿ ಚೆನ್ನಾಗಿಯೇ ಆಡುತ್ತದೆ. ಯಾಕೆಂದರೆ ಅದು ಮೂಗಿನೊಳಗಿನ ಸುರುಳಿ ಎಲುಬುಗಳನ್ನು, ಅಂದರೆ ಟರ್ಬಿನೇಟ್‌ಗಳನ್ನು, ಕರಗಿಸಿ ಜಾಗ ಖಾಲಿ ಮಾಡಿರುತ್ತದೆ. ಇಷ್ಟೊಂದು ಕೀವು ಬರುವ ಹೊಳ್ಳೆಯಲ್ಲಿ ಇಷ್ಟು ಸಲೀಸಾಗಿ ಉಸಿರಾಡುತ್ತಿದ್ದಾನಲ್ಲ ಅನ್ನಿಸಿದರೆ ಅದೇ ಒಂದು ಸುಳಿವು. ರಾಜನ ಎಡಮಚ್ಚೆ ಬಲಕ್ಕಿಂತ ಸ್ವಲ್ಪ ದೊಡ್ಡದೇ ಇತ್ತು.

ಮೂಗಿನ ಮೇಲೆ ಬೆರಳಿಟ್ಟಾಗ ಅವನು ತಲೆ ಎಳೆದುಕೊಂಡು ಗುರ್ ಅಂದ. ನೋವು ಈ ಕಾಯಿಲೆಯ ಮತ್ತೊಂದು ಲಕ್ಷಣ. ಮನೆಯವರು ಇದನ್ನು ಕೋಪ ಅಂದುಕೊಳ್ಳುತ್ತಾರೆ. ಮಕ್ಕಳು ತಲೆ ಸವರಲು ಹೋದರೆ ಈಗೀಗ ಗದರಿಸುತ್ತಾನೆ ಅಂತ ಗೌಡ್ರು ಹೇಳಿದ್ದು ನೆನಪಿಗೆ ಬಂತು. ಆ ನಾಯಿಗೆ ಮೊದಲು ನೋವಿನ ಔಷಧಿ ಕೊಟ್ಟೆ.

ಬಾಯಿ ತೆರೆಸಿ ಮೇಲ್ದವಡೆಯ ಹಲ್ಲು ಮತ್ತು ಅಂಗುಳ ನೋಡುವುದನ್ನು ಬಿಡಬಾರದು. ಕೋರೆಹಲ್ಲಿನ ಬೇರಿಗೂ ಮೂಗಿನ ಕುಳಿಗೂ ನಡುವೆ ಇರುವುದು ತೆಳು ಮೂಳೆ. ಅದು ಕೊಳೆತರೆ ಕೀವು ನೇರವಾಗಿ ಮೂಗಿಗೆ. ವಯಸ್ಸಾದ ಸಣ್ಣ ಜಾತಿಯ ನಾಯಿಗಳಲ್ಲಿ ನಾನು ಮೊದಲು ಹುಡುಕುವುದೇ ಇದನ್ನು.

ರಕ್ತ ಪರೀಕ್ಷೆ ಮೂಗಿನ ಕಾಯಿಲೆಗೆ ಯಾಕೆ ಅಂತ ಕೇಳುತ್ತಾರೆ. ನಮ್ಮ ರಾಜ್ಯದಲ್ಲಿ ನಾಯಿಯ ಮೂಗಿನಿಂದ ರಕ್ತ ಬಂತು ಅಂದರೆ ಮೊದಲು ನೆನಪಾಗಬೇಕಾದ್ದು ಉಣ್ಣೆ ಜ್ವರ. ಎರ್ಲಿಕಿಯಾ ಕ್ಯಾನಿಸ್ ಎಂಬ ರೋಗಾಣುವನ್ನು ಉಣ್ಣೆ ಹರಡುತ್ತದೆ, ಪ್ಲೇಟ್‌ಲೆಟ್ ಕುಸಿಯುತ್ತದೆ, ಮೂಗಿನಿಂದ ರಕ್ತ ಹರಿಯುತ್ತದೆ. ಅಂಥ ನಾಯಿಯ ಮೂಗಿಗೆ ಉಪಕರಣ ತೂರಿಸಿದರೆ ರಕ್ತ ನಿಲ್ಲಿಸಲು ಆಗದೆ ನಾಯಿಯನ್ನೇ ಕಳೆದುಕೊಳ್ಳಬೇಕಾದೀತು. ಹಾಗಾಗಿ ಪ್ಲೇಟ್‌ಲೆಟ್ ಲೆಕ್ಕ ಗೊತ್ತಾಗದೆ ನಾನು ಒಳಗೆ ಕೈ ಹಾಕುವುದಿಲ್ಲ. ಯಂತ್ರ ಕೊಟ್ಟ ಸಂಖ್ಯೆಯ ಮೇಲೆ ಸಂಶಯ ಬಂದರೆ ರಕ್ತವನ್ನು ಸ್ಲೈಡಿನ ಮೇಲೆ ತೆಳುವಾಗಿ ಸವರಿ (ಸ್ಮಿಯರ್) ಮೈಕ್ರೋಸ್ಕೋಪ್‌ನ ಆಯಿಲ್ ಲೆನ್ಸ್‌ನಲ್ಲಿ ನಾನೇ ಎಣಿಸುತ್ತೇನೆ. ಒಂದು ಫೀಲ್ಡ್‌ನಲ್ಲಿ ಕಾಣುವ ಒಂದೊಂದು ಪ್ಲೇಟ್‌ಲೆಟ್‌ಗೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 15,000 ಅಂತ ಲೆಕ್ಕ. ಎರ್ಲಿಕಿಯಾ ಕಿಟ್ ಪರೀಕ್ಷೆ, ರಕ್ತ ಹೆಪ್ಪುಗಟ್ಟುವ ಸಮಯ, ಬಿ.ಪಿ., ಲಿವರ್ ಕಿಡ್ನಿ ಇವೂ ಆಗಬೇಕು. ಮುಂದೆ ಅರಿವಳಿಕೆ ಕೊಡಬೇಕಲ್ಲ. ರಾಜನದು ಎಲ್ಲ ಸರಿಯಾಗಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೂಗಿನ ಹೊರಗಿನಿಂದ ಸ್ವಾಬ್ ತೆಗೆದು ಲ್ಯಾಬ್‌ಗೆ ಕಳಿಸಿ ಫಂಗಸ್ ಇದೆ ಅಥವಾ ಇಲ್ಲ ಅಂತ ತೀರ್ಮಾನ ಮಾಡಬೇಡಿ. ಈ ಮಾತನ್ನು ನಾನು ಕಿರಿಯ ವೈದ್ಯರಿಗೆ ಪ್ರತಿ ಸಲ ಹೇಳುತ್ತೇನೆ. ಎರಡೂ ಕಡೆಯಿಂದ ಅದು ದಾರಿ ತಪ್ಪಿಸುತ್ತದೆ. ಆರೋಗ್ಯವಂತ ನಾಯಿಯ ಮೂಗಿನಲ್ಲೂ ಉಸಿರಾಡಿದ ಬೀಜಕಣ ಇರುತ್ತದೆ, ಲ್ಯಾಬ್‌ನ ಕಲ್ಚರ್ ತಟ್ಟೆಯಲ್ಲಿ ಬೆಳೆಯುತ್ತದೆ, ಇಲ್ಲದ ರೋಗ ಇದೆ ಅಂದಂತಾಗುತ್ತದೆ. ಇನ್ನೊಂದು ಕಡೆ, ನಿಜವಾಗಿ ಫಂಗಸ್ ಇರುವ ನಾಯಿಯ ಸಿಂಬಳದಲ್ಲಿ ಬರೀ ಕೀವಿನ ಕಣಗಳೇ ಸಿಗುತ್ತವೆ. ಬೂಷ್ಟು ಇರುವುದು ಆಳದಲ್ಲಿ, ಎಲುಬಿನ ಮೇಲೆ ಅಂಟಿಕೊಂಡ ಪದರವಾಗಿ. ಅದು ಸಿಂಬಳದ ಜೊತೆ ಹೊರಗೆ ಬರುವುದು ಕಡಿಮೆ.

2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಬಹಳ ಸ್ಪಷ್ಟವಾಗಿ ತೋರಿಸಿದೆ. ಮೂಗಿನ ಆಸ್ಪರ್ಜಿಲೋಸಿಸ್, ಅಂದರೆ ಈ ಬೂಷ್ಟಿನ ಕಾಯಿಲೆ, ಇದ್ದ 15 ನಾಯಿಗಳಿಂದ ನಾಲ್ಕು ರೀತಿಯಲ್ಲಿ ಸ್ಯಾಂಪಲ್ ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿದರು. ಸಿಂಬಳವನ್ನೇ ಸ್ಲೈಡಿಗೆ ಹಚ್ಚಿದಾಗ ಫಂಗಸ್ ಕಂಡದ್ದು ಎರಡರಲ್ಲಿ. ಕಣ್ಣಿಗೆ ಕಾಣದೆ ಒಳಗೆ ಸ್ವಾಬ್ ಹಾಕಿದಾಗ ಮೂರರಲ್ಲಿ. ಒಳಗೆ ನೋಡುವ ಕೊಳವೆಯಾದ ಎಂಡೋಸ್ಕೋಪ್‌ನಲ್ಲಿ ನೋಡಿಕೊಂಡು ಬ್ರಷ್‌ನಿಂದ ಉಜ್ಜಿ ತೆಗೆದಾಗ ಹದಿನಾಲ್ಕರಲ್ಲಿ. ಹಾಗೇ ನೋಡಿಕೊಂಡು ಚೂರು ಕಿತ್ತು ಎರಡು ಸ್ಲೈಡಿನ ನಡುವೆ ಅಮುಕಿದಾಗ ಹದಿನೈದರಲ್ಲೂ. ಅದೇ ನಾಯಿ, ಅದೇ ಕಾಯಿಲೆ. ಬದಲಾಗಿದ್ದು ಸ್ಯಾಂಪಲ್ ತೆಗೆದ ಜಾಗ ಮತ್ತು ರೀತಿ ಮಾತ್ರ. ಕಣ್ಣಿಗೆ ಕಂಡ ಜಾಗದಿಂದಲೇ ತೆಗೆಯಬೇಕು, ಇಷ್ಟೇ ನನ್ನ ಪಾಠ.

ಅದಕ್ಕೆ ಎಂಡೋಸ್ಕೋಪ್ ಬೇಕು, ಪೂರ್ತಿ ಅರಿವಳಿಕೆ ಬೇಕು. ನಾಯಿಗೆ ಎಚ್ಚರ ಇರುವಾಗ ಮೂಗಿನೊಳಗೆ ನೋಡಲು ಸಾಧ್ಯವೇ ಇಲ್ಲ. ಮೂಗಿನ ಒಳಪೊರೆ ಎಷ್ಟು ಸೂಕ್ಷ್ಮ ಅಂದರೆ ಅರಿವಳಿಕೆ ಸ್ವಲ್ಪ ತೆಳುವಾದರೂ ನಾಯಿ ಸೀನಿಬಿಡುತ್ತದೆ.

ಮೊದಲು ಚಿತ್ರ, ಆಮೇಲೆ ಸ್ಕೋಪ್, ಕೊನೆಗೆ ಚೂರು ತೆಗೆಯುವುದು. ಈ ಸಾಲು ತಪ್ಪಬಾರದು. ಚೂರು ತೆಗೆದ ಮೇಲೆ ರಕ್ತ ತುಂಬಿಕೊಳ್ಳುತ್ತದೆ, ಆಮೇಲೆ ತೆಗೆದ ಎಕ್ಸ್‌ರೇ ಅಥವಾ ಸಿ.ಟಿ.ಯಲ್ಲಿ ರಕ್ತ ಯಾವುದು ರೋಗ ಯಾವುದು ತಿಳಿಯುವುದಿಲ್ಲ. ಸಿ.ಟಿ. ಸಿಕ್ಕರೆ ಅದಕ್ಕೆ ಸಮ ಯಾವುದೂ ಇಲ್ಲ. ಸುರುಳಿ ಎಲುಬು ಎಲ್ಲಿ ಕರಗಿದೆ, ಹಣೆಯ ಮೂಳೆಯೊಳಗಿನ ಫ್ರಂಟಲ್ ಸೈನಸ್‌ನಲ್ಲಿ ಏನಿದೆ, ಮೂಗಿಗೂ ಮಿದುಳಿಗೂ ನಡುವಿನ ಜರಡಿ ಮೂಳೆ ಗಟ್ಟಿಯಿದೆಯಾ ತೂತಾಗಿದೆಯಾ, ಎಲ್ಲ ಕಾಣುತ್ತದೆ. ಆ ಕೊನೆಯದು ಚಿಕಿತ್ಸೆಗೆ ಬಹಳ ಮುಖ್ಯ. ಆದರೆ ನಮ್ಮಿಂದ ಬೆಂಗಳೂರಿಗೆ ಹೋಗಿ ಬರುವ ಖರ್ಚು ಎಲ್ಲರಿಗೂ ಆಗುವುದಿಲ್ಲ. ಆಗದಿದ್ದಾಗ ನಾನು ಎಕ್ಸ್‌ರೇಯನ್ನೇ ಸರಿಯಾಗಿ ತೆಗೆಸುತ್ತೇನೆ. ಪಕ್ಕಕ್ಕೆ ಮಲಗಿಸಿ ತೆಗೆದ ಚಿತ್ರದಲ್ಲಿ ಎಡ ಬಲ ಒಂದರ ಮೇಲೊಂದು ಬಿದ್ದು ಏನೂ ತಿಳಿಯುವುದಿಲ್ಲ. ಅರಿವಳಿಕೆಯಲ್ಲಿ ಫಿಲ್ಮ್ ಅನ್ನು ಬಾಯೊಳಗೆ ಇಟ್ಟು ಮೇಲಿನಿಂದ ತೆಗೆದರೆ ಎರಡು ಕುಳಿ ಅಕ್ಕಪಕ್ಕ ಸಿಗುತ್ತವೆ, ಹೋಲಿಸಬಹುದು. ಹಣೆಯ ಸೈನಸ್‌ಗೆ ಎದುರಿನಿಂದ ಇನ್ನೊಂದು. ಆಸ್ಪರ್ಜಿಲಸ್ ಇದ್ದ ಕಡೆ ಎಲುಬಿನ ಸಣ್ಣ ಗೆರೆಗಳು ಅಳಿಸಿಹೋಗಿ ಕುಳಿ ಹೆಚ್ಚು ಕಪ್ಪಾಗಿ ಕಾಣುತ್ತದೆ. ಗಡ್ಡೆಯಿದ್ದರೆ ಬಿಳಿ ಮುಸುಕು ಜಾಸ್ತಿ. ರಾಜನ ಎಡಭಾಗದ ಹಿಂದಿನ ಅರ್ಧ ಕಪ್ಪಗೆ ಖಾಲಿ ಖಾಲಿಯಾಗಿತ್ತು.

ಸ್ಕೋಪ್ ಹಾಕುವ ದಿನದ ಸಿದ್ಧತೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಅಪಾಯ ಇರುವುದು ಇಲ್ಲೇ. ಗಂಟಲ ಕೊಳವೆಯ ಕಫ್, ಅಂದರೆ ಅದರ ಸುತ್ತಲಿನ ಗಾಳಿ ಚೀಲ, ಉಬ್ಬಿಸಿ ಗಾಳಿ ಸೋರುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಗಂಟಲಲ್ಲಿ ಗಾಜ್ ಬಟ್ಟೆ ತುಂಬಬೇಕು, ಎಷ್ಟು ಇಟ್ಟೆವು ಅಂತ ಬೋರ್ಡಿನ ಮೇಲೆ ಬರೆಯಬೇಕು, ಕೊನೆಗೆ ಅಷ್ಟನ್ನೂ ಎಣಿಸಿ ತೆಗೆಯಬೇಕು. ಮೂತಿ ಸ್ವಲ್ಪ ಕೆಳಮುಖ ಇರಲಿ, ನೀರು ರಕ್ತ ಹೊರಗೆ ಹರಿಯುತ್ತದೆ. ಹೊಳ್ಳೆಯ ತುದಿಯಿಂದ ಕಣ್ಣಿನ ಒಳಮೂಲೆಯವರೆಗೆ ಅಳೆದು ಫೋರ್ಸೆಪ್ಸ್ ಮೇಲೆ ಟೇಪ್ ಸುತ್ತಿ ಗುರುತು ಮಾಡುತ್ತೇನೆ. ಆ ಗುರುತಿಗಿಂತ ಒಳಗೆ ಕುರುಡಾಗಿ ಹೋಗಬಾರದು, ಆಚೆ ಇರುವುದು ಮಿದುಳು. ರಕ್ತ ಬಂದರೆ ನಿಲ್ಲಿಸಲು ತಣ್ಣನೆಯ ಸಲೈನ್, ತೆಳು ಮಾಡಿದ ಅಡ್ರಿನಲಿನ್, ಐಸ್ ಕೈಯಳತೆಯಲ್ಲಿರಲಿ.

ನಾನು ಮೊದಲು ಬಗ್ಗುವ ಸ್ಕೋಪ್ ಅನ್ನು ಬಾಯಿಯ ಮೂಲಕ ಹಿಂದೆ ಹೋಗಿ ಮೆದು ಅಂಗುಳದ ಮೇಲಕ್ಕೆ ತಿರುಗಿಸಿ ಮೂಗಿನ ಹಿಂಬಾಗಿಲು ನೋಡುತ್ತೇನೆ. ಆಮೇಲೆ 2.7 ಮಿಲಿಮೀಟರ್‌ನ ಗಟ್ಟಿ ಸ್ಕೋಪ್ ಮುಂದಿನಿಂದ. ಆರೋಗ್ಯವಾಗಿದೆ ಅನ್ನಿಸುವ ಹೊಳ್ಳೆ ಮೊದಲು. ಕಾಯಿಲೆಯ ಕಡೆ ಮೊದಲು ಹೋದರೆ ರಕ್ತ ಬಂದು ಮತ್ತೊಂದು ಕಡೆಯನ್ನೂ ನೋಡಲಾಗದು. ಅಲ್ಲದೆ ಆ ನಾಯಿಯ ಸಹಜ ಮೂಗು ಹೇಗಿದೆ ಅಂತ ಕಣ್ಣಿಗೆ ಅಭ್ಯಾಸವಾಗುತ್ತದೆ. ರಾಜನ ಬಲಹೊಳ್ಳೆಯಲ್ಲಿ ಸುರುಳಿಗಳು ಗುಲಾಬಿಯಾಗಿ, ಒತ್ತೊತ್ತಾಗಿ ಇದ್ದವು. ಸ್ಕೋಪ್ ತೂರಿಸಲು ಜಾಗ ಹುಡುಕಬೇಕಾಯಿತು. ಎಡಕ್ಕೆ ಹೋದರೆ ಕೀವು. ಸಲೈನ್‌ನಿಂದ ಮೆಲ್ಲಗೆ ತೊಳೆದು ಹೀರಿ ತೆಗೆದ ಮೇಲೆ ನೋಡುತ್ತೇನೆ, ಸುರುಳಿಗಳೇ ಇಲ್ಲ! ಗುಹೆಯೊಳಗೆ ಬಂದಂತೆ ವಿಶಾಲ ಜಾಗ. ಹಿಂದಿನ ಗೋಡೆಗೆ ಬಿಳಿ, ಅಲ್ಲಲ್ಲಿ ಹಸಿರು ಬೂದು ಬಣ್ಣದ ಪದರ ಅಂಟಿಕೊಂಡಿತ್ತು. ಅದರ ಮೇಲೆ ಸಣ್ಣ ಸಣ್ಣ ಕೂದಲೆಳೆಯಂಥ ಬೆಳವಣಿಗೆ ಲೆನ್ಸಿನಲ್ಲಿ ಸ್ಪಷ್ಟವಾಗಿ ಕಂಡಿತು.

ಇಂಥ ಪದರ ಕಂಡಾಗ ಅನುಮಾನ ಬಹುತೇಕ ಮುಗಿಯುತ್ತದೆ. ಆದರೂ ಕಣ್ಣನ್ನಷ್ಟೇ ನಂಬಿ ಬರೆಯುವುದಿಲ್ಲ. ಒಣಗಿದ ದಪ್ಪ ಕೀವೂ ಗೋಡೆಗೆ ಅಂಟಿ ಬಿಳಿಯಾಗಿ ಕಾಣುತ್ತದೆ. ಸಲೈನ್‌ನಿಂದ ತೊಳೆದರೆ ಕೀವು ಹೋಗುತ್ತದೆ, ಬೂಷ್ಟಿನ ಪದರ ಸುಲಭಕ್ಕೆ ಬಿಡುವುದಿಲ್ಲ.

ಪದರದಿಂದಲೇ ಕೆಲವು ಚೂರು ತೆಗೆದೆ, ಪದರ ಕೂತಿದ್ದ ಒಳಪೊರೆಯಿಂದಲೂ ಬೇರೆಯಾಗಿ ತೆಗೆದೆ. ಒಂದು ಚೂರು ಎರಡು ಸ್ಲೈಡಿನ ನಡುವೆ ಅಮುಕಿ ಅಲ್ಲೇ ಬಣ್ಣ ಹಾಕಿದೆವು. ಒಂದು 10% ಫಾರ್ಮಲಿನ್‌ಗೆ, ಬಯಾಪ್ಸಿಗೆ. ಒಂದು ಸ್ಟೆರೈಲ್ ಸಲೈನ್‌ನ ಬಾಟಲಿಗೆ, ಕಲ್ಚರ್‌ಗೆ, ಅಂದರೆ ಲ್ಯಾಬ್‌ನಲ್ಲಿ ಬೆಳೆಸಿ ನೋಡಲು. ಫಾರ್ಮಲಿನ್‌ಗೆ ಬಿದ್ದ ಚೂರಿನಿಂದ ಏನೂ ಬೆಳೆಯುವುದಿಲ್ಲ, ಹಾಗಾಗಿ ಬಾಟಲಿಗಳ ಮೇಲೆ ಮೊದಲೇ ಚೀಟಿ ಅಂಟಿಸಿ ಇಡುತ್ತೇನೆ.

ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕಾದ್ದು ಅಗಲ ಒಂದೇ ಸಮ ಇರುವ, ಒಳಗೆ ಅಡ್ಡಗೋಡೆಗಳಿರುವ, ಸುಮಾರು 45 ಡಿಗ್ರಿ ಕೋನದಲ್ಲಿ ಕವಲೊಡೆಯುವ ಎಳೆಗಳನ್ನು. ಅಡ್ಡಗೋಡೆ ಇಲ್ಲದ, ಕವಲಿಲ್ಲದ, ಅಗಲ ಹೆಚ್ಚು ಕಡಿಮೆ ಇರುವ ಎಳೆ ಕಂಡರೆ ಅದು ಹತ್ತಿಯದ್ದೋ ಗಾಜ್ ಬಟ್ಟೆಯದ್ದೋ ಇರಬಹುದು. ಹೊಸಬರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ, ಅದಕ್ಕೆ ಒಂದು ಸ್ಲೈಡಿನ ಮೇಲೆ ಬೇಕೆಂದೇ ಹತ್ತಿಯ ಎಳೆ ಇಟ್ಟು ತೋರಿಸುತ್ತೇನೆ. ಕೆ.ಓ.ಎಚ್. (ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ) ಹಾಕಿದರೆ ಸುತ್ತಲಿನ ಜೀವಕೋಶ ಕರಗಿ ಫಂಗಸ್ ಎಳೆ ಎದ್ದು ಕಾಣುತ್ತದೆ. ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಎಂಬ ನೀಲಿ ಬಣ್ಣ ಇದ್ದರೆ ಇನ್ನೂ ಚೆನ್ನ. ಮೂಗಿನೊಳಗೆ ಗಾಳಿ ತಗಲುವುದರಿಂದ ಕೆಲವೊಮ್ಮೆ ಬೀಜಕಣ ಹೊತ್ತ ತಲೆಗಳೂ ಸಿಗುತ್ತವೆ. ಅದು ಸಿಕ್ಕರೆ ಆಸ್ಪರ್ಜಿಲಸ್ ಅಂತ ಅಲ್ಲೇ ಹೇಳಬಹುದು. ರಾಜನ ಸ್ಲೈಡಿನಲ್ಲಿ ಎಳೆಗಳು ಹೆಣೆದುಕೊಂಡಿದ್ದವು, ತಲೆಗಳೂ ಕಂಡವು.

ಕಲ್ಚರ್ ಬಗ್ಗೆ ಲ್ಯಾಬ್‌ನವರಿಗೆ ಚೀಟಿಯಲ್ಲಿ ಎರಡು ವಿಷಯ ಬರೆದು ಕಳಿಸುತ್ತೇನೆ. ಫಂಗಸ್ ಬೆಳೆಸುವ ಸ್ಯಾಬೊರಾಡ್ ಮಾಧ್ಯಮಕ್ಕೆ ಸೈಕ್ಲೋಹೆಕ್ಸಿಮೈಡ್ ಎಂಬ ರಾಸಾಯನಿಕ ಹಾಕಿರಬಾರದು. ಹುಳುಕಡ್ಡಿಯಂಥ ಚರ್ಮದ ಫಂಗಸ್ ಬೆಳೆಸುವಾಗ ಅದನ್ನು ಹಾಕುತ್ತಾರೆ, ಆದರೆ ಅದು ಆಸ್ಪರ್ಜಿಲಸ್ ಬೆಳೆಯುವುದನ್ನು ತಡೆಯುತ್ತದೆ. ಎರಡನೆಯದು, 37 ಡಿಗ್ರಿಯಲ್ಲಿ ಇಡಿ. ಕೋಣೆಯ ಉಷ್ಣತೆಗಿಂತ ಅಲ್ಲಿ ಇದು ಚೆನ್ನಾಗಿ ಹತ್ತುತ್ತದೆ. ಕಲ್ಚರ್ ಬೆಳೆಯಲಿಲ್ಲ ಅಂದರೂ ಸ್ಲೈಡಿನಲ್ಲಿ ಕಂಡದ್ದು ಸುಳ್ಳಾಗುವುದಿಲ್ಲ. ಬೆಳೆದದ್ದು ಒಂದೇ ಸಾಕ್ಷಿಯಾದರೂ ಸಾಲದು. ಕಣ್ಣಿಗೆ ಕಂಡ ಪದರ, ಸ್ಲೈಡಿನ ಎಳೆ, ಕರಗಿದ ಎಲುಬಿನ ಚಿತ್ರ, ಕಲ್ಚರ್. ಇವುಗಳಲ್ಲಿ ಕನಿಷ್ಠ ಎರಡು ಒಂದೇ ಮಾತು ಹೇಳಿದರೆ ಮಾತ್ರ ನಾನು ಕೇಸ್ ಶೀಟಿನಲ್ಲಿ ಆಸ್ಪರ್ಜಿಲೋಸಿಸ್ ಅಂತ ಬರೆಯುವುದು.

ಬಯಾಪ್ಸಿ ವರದಿ ಓದುವಾಗಲೂ ಎಚ್ಚರ ಬೇಕು. ನಾಯಿಯ ಮೂಗಿನ ಆಸ್ಪರ್ಜಿಲಸ್ ಸಾಮಾನ್ಯವಾಗಿ ಒಳಪೊರೆಯನ್ನು ಕೊರೆದು ಒಳಗೆ ಹೋಗುವುದಿಲ್ಲ, ಮೇಲ್ಮೈಯಲ್ಲೇ ಇರುತ್ತದೆ. ಎಲುಬು ಕರಗುವುದರಲ್ಲಿ ನಾಯಿಯದೇ ದೇಹದ ಉರಿಯೂತದ ಪಾಲು ದೊಡ್ಡದು. ಹಾಗಾಗಿ ಪದರ ಬಿಟ್ಟು ಒಳಪೊರೆಯ ಚೂರು ಮಾತ್ರ ಕಳಿಸಿದರೆ "ದೀರ್ಘಕಾಲದ ಉರಿಯೂತ" ಅಂತಷ್ಟೇ ವರದಿ ಬರುತ್ತದೆ. ಅದನ್ನು ಓದಿ ಫಂಗಸ್ ಇಲ್ಲ ಅಂತ ಸ್ಟಿರಾಯ್ಡ್ ಶುರು ಮಾಡಿದರೆ ಗತಿಯೇನು? ಚೂರು ಎಲ್ಲಿಂದ ತೆಗೆದದ್ದು ಅಂತ ಪೆಥಾಲಜಿಸ್ಟ್‌ಗೆ ಬರೆದು ತಿಳಿಸಿ, ಫಂಗಸ್ ಎದ್ದು ಕಾಣಿಸುವ ಪಿ.ಎ.ಎಸ್. ಅಥವಾ ಬೆಳ್ಳಿಯ ಸ್ಟೇನ್ (ಬಣ್ಣ) ಹಾಕಿ ಅಂತ ಕೇಳಿಕೊಳ್ಳುವುದು ಒಳ್ಳೆಯದು.

ಮೂಗಿನಲ್ಲಿ ಎಲುಬು ಕರಗಿದೆ, ಆದರೆ ಪದರ ಎಲ್ಲೂ ಕಾಣುತ್ತಿಲ್ಲ ಅನ್ನುವ ನಾಯಿಗಳೂ ಬರುತ್ತವೆ. ಆಗ ಹಣೆಯ ಸೈನಸ್ ಕಡೆ ಗಮನ ಕೊಡಬೇಕು. ಕೆಲವು ನಾಯಿಗಳಲ್ಲಿ ಬೂಷ್ಟು ಅಲ್ಲಿ ಮಾತ್ರ ಕೂತಿರುತ್ತದೆ. ದಾರಿ ಅಗಲವಾಗಿದ್ದರೆ ಸ್ಕೋಪ್ ಒಳಗೆ ಹೋಗುತ್ತದೆ, ಇಲ್ಲದಿದ್ದರೆ ಹಣೆಯ ಮೂಳೆಗೆ ಸಣ್ಣ ತೂತು ಕೊರೆದು ನೋಡಬೇಕು. ಮನೆಯವರಿಗೆ ಇದನ್ನು ಹೇಳುವಾಗ ಗಾಬರಿಯಾಗುತ್ತಾರೆ. ಸಮಯ ಕೊಟ್ಟು, ಚಿತ್ರ ಬರೆದು ತೋರಿಸಿ ಹೇಳುತ್ತೇನೆ. ರಕ್ತದಲ್ಲಿ ಆಸ್ಪರ್ಜಿಲಸ್ ಆಂಟಿಬಾಡಿ ನೋಡುವ ಪರೀಕ್ಷೆಯೂ ಇದೆ. ಅದು ಪಾಸಿಟಿವ್ ಬಂದರೆ ಗಟ್ಟಿ ಸಾಕ್ಷಿ. ನೆಗೆಟಿವ್ ಬಂದರೆ ರೋಗ ಇಲ್ಲ ಅನ್ನುವಂತಿಲ್ಲ.

ಫಂಗಸ್ ಅಂದುಕೊಂಡು ಬಂದ ಎಲ್ಲ ನಾಯಿಯೂ ಫಂಗಸ್ ಆಗಿರುವುದಿಲ್ಲ. ನಮ್ಮಲ್ಲಿ ಎರಡು ಸಂಗತಿ ವಿಶೇಷವಾಗಿ ನೆನಪಿಡಬೇಕು. ಒಂದು ಟಿ.ವಿ.ಟಿ., ನಾಯಿಯಿಂದ ನಾಯಿಗೆ ಅಂಟುವ ಗಡ್ಡೆ. ಜನನಾಂಗದ ಗಡ್ಡೆ ಅಂತಲೇ ಎಲ್ಲರಿಗೂ ಗೊತ್ತು, ಆದರೆ ನಾಯಿಗಳು ಒಂದನ್ನೊಂದು ಮೂಸುವುದರಿಂದ ಮೂಗಿಗೂ ಬರುತ್ತದೆ. ಬೀದಿ ನಾಯಿಗಳ ಜೊತೆ ಓಡಾಡುವ, ಆಪರೇಷನ್ ಆಗದ, ಪ್ರಾಯದ ನಾಯಿಯ ಮೂಗಿನಿಂದ ರಕ್ತ ಅಂದರೆ ನಾನು ಇದನ್ನೂ ಹುಡುಕುತ್ತೇನೆ. ಸ್ಲೈಡಿನಲ್ಲಿ ದುಂಡನೆಯ ಕೋಶಗಳು, ಒಳಗೆ ಸಾಲು ಸಾಲು ಸಣ್ಣ ಗುಳ್ಳೆ. ವಿನ್‌ಕ್ರಿಸ್ಟಿನ್ ಇಂಜೆಕ್ಷನ್‌ಗೆ ಬಹುಪಾಲು ಕರಗಿಹೋಗುತ್ತದೆ. ಇಂಥ ನಾಯಿಗೆ ಫಂಗಸ್ ಮಾತ್ರೆ ತಿನ್ನಿಸುತ್ತಾ ಕೂತರೆ ಎಂಥ ಅನ್ಯಾಯ, ಅಲ್ವಾ?

ಇನ್ನೊಂದು ರೈನೋಸ್ಪೊರಿಡಿಯಮ್. ಭಾರತ ಮತ್ತು ಶ್ರೀಲಂಕಾದಲ್ಲಿ ಮನುಷ್ಯರಲ್ಲೇ ಹೆಚ್ಚು ಕಾಣುವ ಕಾಯಿಲೆ, ನಿಂತ ನೀರಿನ ಸಂಪರ್ಕದಿಂದ ಬರುತ್ತದೆ. ನಾಯಿಗೂ ಬರುತ್ತದೆ. ಕೆರೆಯಲ್ಲಿ ಈಜುವ ನಾಯಿಯ ಹೊಳ್ಳೆಯ ಬಾಯಲ್ಲೇ ಕೆಂಪು ಗುಲಾಬಿ ಬಣ್ಣದ, ಮುಟ್ಟಿದರೆ ರಕ್ತ ಬರುವ ಮೃದು ಗಂಟು ಕಂಡರೆ ಬೆಳಕಿನಲ್ಲಿ ಹತ್ತಿರದಿಂದ ನೋಡಿ. ಮೇಲೆ ಸಣ್ಣ ಬಿಳಿ ಚುಕ್ಕಿಗಳಿದ್ದರೆ ಅವು ಆ ರೋಗಾಣುವಿನ ಬೀಜಚೀಲಗಳು. ಚೂರನ್ನು ಸ್ಲೈಡಿಗೆ ಒತ್ತಿದರೆ ದೊಡ್ಡ ಚೀಲದೊಳಗೆ ತುಂಬಿದ ಕಣಗಳು ಕಾಣುತ್ತವೆ. ಕಲ್ಚರ್‌ನಲ್ಲಿ ಇದು ಬೆಳೆಯುವುದಿಲ್ಲ, ಹಾಗಾಗಿ ಕಾಯುತ್ತಾ ಕೂರುವುದು ಬೇಡ. ನಾವು ಓದುವಾಗ ಇದನ್ನು ಫಂಗಸ್ ಅಂತಲೇ ಪಾಠ ಮಾಡುತ್ತಿದ್ದರು. 1999ರಲ್ಲಿ ಪ್ರಕಟವಾದ ಜೀನ್ ಅಧ್ಯಯನ ಇದು ಮೀನುಗಳ ಪರಾವಲಂಬಿಗಳ ಗುಂಪಿಗೆ ಸೇರಿದ್ದು ಅಂತ ತೋರಿಸಿತು. ಚಿಕಿತ್ಸೆ ಅಂದರೆ ಗಂಟನ್ನು ಬುಡದಿಂದ ಕತ್ತರಿಸಿ, ಆ ಬುಡವನ್ನು ಸುಡುವುದು.

ರಾಜನ ವಿಷಯಕ್ಕೆ ಬಂದರೆ, ಗೌಡ್ರ ಮನೆಯಲ್ಲಿ ಮೊದಲು ಕೇಳಿದ್ದು "ಮಕ್ಕಳಿಗೆ ಹರಡ್ತದಾ ಡಾಕ್ಟ್ರೇ?" ಅಂತ. ಇಲ್ಲ, ಇದು ನಾಯಿಯಿಂದ ಮನುಷ್ಯರಿಗೆ ಅಂಟುವ ಕಾಯಿಲೆ ಅಲ್ಲ. ಎರಡನೇ ಪ್ರಶ್ನೆ ಮಾತ್ರೆಯಲ್ಲೇ ಗುಣವಾಗುವುದಿಲ್ಲವಾ ಅಂತ. ಬೂಷ್ಟು ಮೇಲ್ಮೈಯಲ್ಲಿ ಕೂತಿರುವಾಗ ರಕ್ತದ ಮೂಲಕ ಹೋಗುವ ಮಾತ್ರೆ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ, ತಿಂಗಳುಗಟ್ಟಲೆ ಕೊಟ್ಟರೆ ಲಿವರ್ ಮೇಲೆ ಭಾರ ಬೇರೆ. ಪದರವನ್ನು ಸಾಧ್ಯವಾದಷ್ಟೂ ಕಿತ್ತು ತೊಳೆದು, ಅರಿವಳಿಕೆಯಲ್ಲೇ 1% ಕ್ಲೋಟ್ರಿಮಜೋಲ್ ದ್ರಾವಣ ತುಂಬಿಸಿ, ಸುಮಾರು ಒಂದು ಗಂಟೆ ಒಳಗೆ ಉಳಿಯುವಂತೆ ಮಾಡಿ, ನಡುವೆ ತಲೆಯ ಭಂಗಿ ಬದಲಿಸುತ್ತಾ ಇರಬೇಕು. ಜರಡಿ ಮೂಳೆ ತೂತಾಗಿದ್ದರೆ ಔಷಧಿ ಮಿದುಳಿಗೆ ತಗಲುವ ಅಪಾಯ ಇದೆ. ಎಕ್ಸ್‌ರೇಯಲ್ಲಿ ಆ ಮೂಳೆ ನಂಬುವಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಹಾಗಾಗಿ ರೋಗ ಖಚಿತವಾದ ಮೇಲೆ ಗೌಡ್ರಿಗೆ ಬಿಡಿಸಿ ಹೇಳಿದೆ, ಈ ಒಂದು ಹಂತಕ್ಕೆ ಸಿ.ಟಿ. ಬೇಕೇ ಬೇಕು ಅಂತ. ಅವರು ಒಪ್ಪಿ ಬೆಂಗಳೂರಿಗೆ ಕರೆದುಕೊಂಡು ಹೋಗಿ ಮಾಡಿಸಿಕೊಂಡು ಬಂದರು. ಮೂಳೆ ಗಟ್ಟಿಯಿತ್ತು, ಆಮೇಲೆಯೇ ಔಷಧಿ ತುಂಬಿಸಿದ್ದು.

ಪತ್ತೆ ಹಚ್ಚುವ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಮೂರು ನಾಲ್ಕು ವಾರ ಬಿಟ್ಟು ಮತ್ತೆ ಸ್ಕೋಪ್ ಹಾಕಿ ನೋಡಬೇಕು. ಸಿಂಬಳ ನಿಂತಿತು ಅಂದ ಮಾತ್ರಕ್ಕೆ ಬೂಷ್ಟು ಹೋಗಿದೆ ಅಂತಲ್ಲ. ರಾಜನಿಗೂ ಹೊರಗಿನಿಂದ ಎಲ್ಲ ಸರಿಹೋದಂತೆ ಕಂಡಾಗಲೇ ಸೈನಸ್‌ನ ಬಾಯಲ್ಲಿ ಸಣ್ಣದೊಂದು ಪದರ ಉಳಿದಿತ್ತು. ಮತ್ತೊಮ್ಮೆ ತೊಳೆದು ಔಷಧಿ ತುಂಬಿಸಬೇಕಾಯಿತು. ಅದರ ನಂತರ ನೋಡಿದಾಗ ಪೊರೆ ಶುಭ್ರವಾಗಿತ್ತು, ಬ್ರಷ್ ಸ್ಯಾಂಪಲ್‌ನಲ್ಲೂ ಎಳೆ ಸಿಗಲಿಲ್ಲ. ಮೂಗಿನ ತುದಿಯ ಕಪ್ಪು ಬಣ್ಣ ನಿಧಾನವಾಗಿ ವಾಪಸ್ ಬಂತು.

ಕರಗಿದ ಸುರುಳಿ ಎಲುಬು ಮಾತ್ರ ಮತ್ತೆ ಹುಟ್ಟುವುದಿಲ್ಲ. ಧೂಳು ತಡೆಯುವ, ಗಾಳಿಯನ್ನು ಹದ ಮಾಡುವ ವ್ಯವಸ್ಥೆ ಆ ಕಡೆ ಇಲ್ಲದ ಕಾರಣ ಇಂಥ ನಾಯಿಗಳು ಆಗಾಗ ಸೀನುತ್ತವೆ, ತಿಳಿ ನೀರು ಸುರಿಸುತ್ತವೆ. ಮನೆಯವರಿಗೆ ನಾನು ಹೇಳಿ ಕಳಿಸುವುದು ಇಷ್ಟು. ನೀರು ತಿಳಿಯಾಗಿದ್ದು, ನಾಯಿ ಗೆಲುವಾಗಿದ್ದು, ಮೂತಿ ಮುಟ್ಟಿಸಿಕೊಳ್ಳುತ್ತಿದ್ದರೆ ಗಾಬರಿ ಬೇಡ. ಒಂದೇ ಕಡೆಯಿಂದ ಮತ್ತೆ ದಪ್ಪ ಕೀವು, ರಕ್ತದ ಎಳೆ, ಮೂತಿ ಮುಟ್ಟಿದರೆ ನೋವು, ಇವುಗಳಲ್ಲಿ ಯಾವುದು ಕಂಡರೂ ಮನೆಯಲ್ಲಿ ಉಳಿದ ಮಾತ್ರೆ ಕೊಡದೆ ನೇರವಾಗಿ ಕರೆದುಕೊಂಡು ಬನ್ನಿ. ಅಡಿಕೆ ಸಿಪ್ಪೆಯ ರಾಶಿಗೆ ಬೇಲಿ ಹಾಕಿ, ಕಾಯಿಲೆ ಮಾಸುವವರೆಗಾದರೂ ನಾಯಿ ಅಲ್ಲಿ ಅಗೆಯದಂತೆ ನೋಡಿಕೊಳ್ಳಿ.